ಅಜ್ಜಿಯ ಕಾಲದ ಮಲೆನಾಡಿಗೆ ಡಾಕ್ಟರು ಏಕೆ ಬರಲಿಲ್ಲ?

ಪ್ರಶ್ನೆ: ನಮ್ಮ ಅಜ್ಜಿಯ ಊರು ತೀರ್ಥಹಳ್ಳಿ ತಾಲ್ಲೂಕಿನ ಒಳಭಾಗ. ಪೇಟೆಗೆ ಸುಮಾರು ಇಪ್ಪತ್ತು ಮೈಲಿ. 1936ರಿಂದ 1950ರೊಳಗೆ ಅವರಿಗೆ ಏಳು ಹೆರಿಗೆ ಆಯಿತು. ಎರಡು ಕೂಸುಗಳು ಹುಟ್ಟಿದ ಎಂಟು–ಹತ್ತು ದಿನದಲ್ಲಿ ಮೊಲೆ ಕಚ್ಚಲಾರದೆ, ಮೈ ಸೆಟೆದುಕೊಂಡು ಹೋದವಂತೆ. ಒಬ್ಬ ಹುಡುಗ ಐದನೇ ವರ್ಷದಲ್ಲಿ ‘ಜ್ವರಗಡ್ಡೆ’ಯಿಂದ ತೀರಿಕೊಂಡ. ಅಜ್ಜಿಯ ತಂಗಿ ಚೊಚ್ಚಲ ಹೆರಿಗೆಯಲ್ಲಿ, ಆಸ್ಪತ್ರೆಗೆ ಒಯ್ಯುವ ಗಾಡಿಯಲ್ಲೇ ಹೋದಳು. ಆಗ ಡಾಕ್ಟರೇ ಇರಲಿಲ್ಲವೇ? ಇದ್ದಿದ್ದರೆ ಇವರೆಲ್ಲ ಉಳಿಯುತ್ತಿದ್ದರೇ?

ಉತ್ತರ: ಡಾಕ್ಟರರು ಇದ್ದರು, ನಿಮ್ಮ ಅಜ್ಜಿಯ ಊರಿಗೆ ಎಟುಕುವ ಕಡೆ ಇರಲಿಲ್ಲ. ಎರಡನೇ ಪ್ರಶ್ನೆಗೆ ಉತ್ತರ ಅಷ್ಟು ನೇರವಲ್ಲ. ನೀವು ಬರೆದ ನಾಲ್ಕು ಸಾವುಗಳಲ್ಲಿ ಮೂರನ್ನು ತಪ್ಪಿಸಲು ಡಾಕ್ಟರು ಬೇಕಿರಲಿಲ್ಲ. ನಾಲ್ಕನೆಯದರಲ್ಲಿ ಊರಲ್ಲೇ ಒಬ್ಬ ಡಾಕ್ಟರಿದ್ದರೂ ಉಳಿಸುವ ಭರವಸೆ ಇರುತ್ತಿರಲಿಲ್ಲ. ಒಂದೊಂದಾಗಿ ನೋಡೋಣ.

ಮೊದಲು ಲೆಕ್ಕ. ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಲು 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿಯ ಪ್ರಕಾರ ಬ್ರಿಟಿಷ್ ಇಂಡಿಯಾದಲ್ಲಿದ್ದ ನೋಂದಾಯಿತ ಡಾಕ್ಟರರು ಸುಮಾರು 47,500, ಅಂದರೆ 6,300 ಜನಕ್ಕೆ ಒಬ್ಬರು. ಇಂಗ್ಲೆಂಡಿನಲ್ಲಿ ಆಗ ಸಾವಿರಕ್ಕೊಬ್ಬರು. ನರ್ಸುಗಳು 43,000 ಜನಕ್ಕೆ ಒಬ್ಬರು, ತರಬೇತಾದ ಮಿಡ್‌ವೈಫ್ 60,000ಕ್ಕೆ ಒಬ್ಬರು. ಹುಟ್ಟಿದ ಸಾವಿರ ಮಕ್ಕಳಲ್ಲಿ 162 ಮಕ್ಕಳು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಬಸಿರು–ಬಾಣಂತನದಲ್ಲಿ ವರ್ಷಕ್ಕೆ ಎರಡು ಲಕ್ಷ ಹೆಂಗಸರು ಸಾಯುತ್ತಾರೆಂದು ಸಮಿತಿ ಅಂದಾಜು ಮಾಡಿತ್ತು. ಈ ಅಂಕಿಗಳಲ್ಲಿ ಮೈಸೂರು ಸಂಸ್ಥಾನ ಸೇರಿಲ್ಲ, ಹಾಗಾಗಿ ತೀರ್ಥಹಳ್ಳಿಗೆ ಇವನ್ನು ಹಾಗೇ ಅಂಟಿಸಬೇಡಿ. ಆದರೆ ಘಟ್ಟದ ಆಚೀಚಿನ ದಕ್ಷಿಣ ಕನ್ನಡ ಮದ್ರಾಸಿಗೂ, ಉತ್ತರ ಕನ್ನಡ ಮತ್ತು ಧಾರವಾಡ ಮುಂಬಯಿಗೂ ಸೇರಿದ್ದವು, ಅವೆಲ್ಲ ಈ ಲೆಕ್ಕದ ಒಳಗಿವೆ. ಈಗಿನ ಇಡೀ ಕರ್ನಾಟಕಕ್ಕೆ ಆಗ ಇದ್ದದ್ದು ಒಂದೇ ಮೆಡಿಕಲ್ ಕಾಲೇಜು. 1924ರಲ್ಲಿ ಬೆಂಗಳೂರಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಹೋದದ್ದು ಅದು. ಮಣಿಪಾಲದ್ದು 1953ರಲ್ಲಿ, ಬೆಂಗಳೂರಿನದು 1955ರಲ್ಲಿ, ಹುಬ್ಬಳ್ಳಿಯದು 1957ರಲ್ಲಿ ಬಂದವು.

ಸಂಖ್ಯೆ ಕಮ್ಮಿ ಎಂಬುದು ಅರ್ಧ ಕಾರಣ ಮಾತ್ರ. ಇದ್ದವರಲ್ಲಿ ಮುಕ್ಕಾಲುಪಾಲು ಪಟ್ಟಣದಲ್ಲೇ ನಿಂತರು. ಇದಕ್ಕೆ ಸೇವಾಭಾವ ಸಾಲದ್ದೇ ಕಾರಣ ಎಂದು ಬೈಯುವುದು ಸುಲಭ, ಆದರೆ ಹಣದ ಲೆಕ್ಕ ಹಾಕಿ ನೋಡಿ. ಖಾಸಗಿಯಾಗಿ ವೈದ್ಯ ಮಾಡುವವನಿಗೆ ದಿನವೂ ನಗದು ಬರಬೇಕು. ಮಲೆನಾಡಿನ ಮನೆಗೆ ನಗದು ಬರುತ್ತಿದ್ದದ್ದು ಅಡಿಕೆ ಮಾರಿದಾಗ, ವರ್ಷಕ್ಕೊಮ್ಮೆ. ಅದರಲ್ಲೂ ಸಾಹುಕಾರರ ಸಾಲಕ್ಕೆ ಹೋಗಿ ಉಳಿದದ್ದು. ಗದ್ದೆ ಗೇಣಿದಾರನಿಗಂತೂ ಕಾಸು ಕಾಣುವುದೇ ಅಪರೂಪ. ನಾಟಿ ವೈದ್ಯನಿಗೆ ಅಕ್ಕಿ, ಬೆಲ್ಲ, ಬಾಳೆಗೊನೆ ಕೊಟ್ಟರೆ ನಡೆಯುತ್ತಿತ್ತು, ಏಕೆಂದರೆ ಅವನಿಗೂ ಒಂದು ಗದ್ದೆ ಇತ್ತು ಮತ್ತು ಅವನ ಔಷಧಿ ಕಾಡಿನಿಂದ ಬರುತ್ತಿತ್ತು. ಅಲೋಪಥಿ ಡಾಕ್ಟರು ಕ್ವಿನೈನ್, ಟಿಂಚರ್ ಅಯೋಡಿನ್, ಹತ್ತಿ, ಸ್ಪಿರಿಟ್ಟುಗಳನ್ನೆಲ್ಲ ಪಟ್ಟಣದ ಅಂಗಡಿಗೆ ದುಡ್ಡು ತೆತ್ತು ತರಬೇಕು. ಬಯಲುಸೀಮೆಯ ಹಾಗೆ ಮನೆಗಳು ಒಂದೆಡೆ ಒತ್ತಾಗಿ ಇದ್ದವೇ ಎಂದರೆ ಅದೂ ಇಲ್ಲ. ಒಂಟಿಮನೆಗಳು, ನಡುವೆ ಗುಡ್ಡ, ಹಳ್ಳ, ಕಾಡು. ದಿನವಿಡೀ ನಡೆದರೂ ನಾಲ್ಕೈದು ಮನೆ ನೋಡಿದರೆ ಹೆಚ್ಚು. ಮೇಲೆ ಮಲೇರಿಯಾ. ಸರ್ಕಾರಿ ನೌಕರರು ಮಲೆನಾಡಿಗೆ ವರ್ಗವಾದರೆ ಶಿಕ್ಷೆಯೆಂದೇ ತಿಳಿಯುತ್ತಿದ್ದ ಕಾಲ, ಡಾಕ್ಟರನಿಗೂ ಅವನ ಹೆಂಡತಿ ಮಕ್ಕಳಿಗೂ ಸೊಳ್ಳೆ ರಿಯಾಯಿತಿ ಕೊಡುತ್ತಿರಲಿಲ್ಲ.

ಹಾಗಾಗಿ ಹಳ್ಳಿಯ ಕಡೆ ಬಂದವರು ಬಹುಮಟ್ಟಿಗೆ ಸಂಬಳದವರು, ಅವರಲ್ಲೂ ಹೆಚ್ಚಿನವರು ಎಲ್‌ಎಂಪಿಗಳು. ಹಿರಿಯರು ‘ಎಲ್ಲೆಂಪಿ ಡಾಕ್ಟರು’ ಎನ್ನುವುದನ್ನು ಕೇಳಿರಬಹುದು. ಮೆಟ್ರಿಕ್ ಆದ ಮೇಲೆ ಮೆಡಿಕಲ್ ಸ್ಕೂಲಿನಲ್ಲಿ ನಾಲ್ಕು ವರ್ಷ ಓದಿದ ಲೈಸೆನ್ಷಿಯೇಟರು. ಎಂಬಿಬಿಎಸ್‌ಗಿಂತ ಖರ್ಚು ಕಡಿಮೆ, ಸಂಬಳವೂ ಕಡಿಮೆ, ಹುದ್ದೆಯ ಹೆಸರು ಸಬ್ ಅಸಿಸ್ಟೆಂಟ್ ಸರ್ಜನ್. ಭೋರ್ ಸಮಿತಿ ಎಣಿಸಿದವರಲ್ಲಿ ಪದವೀಧರರು 17,654, ಲೈಸೆನ್ಷಿಯೇಟರು 29,870. ದೇಶದ ವೈದ್ಯಕೀಯ ಹೊರೆ ಯಾರ ಹೆಗಲ ಮೇಲಿತ್ತು ಎಂಬುದು ಇದರಲ್ಲೇ ಗೊತ್ತಾಗುತ್ತದೆ. ಹಾಗಿದ್ದೂ ಇನ್ನು ಮುಂದೆ ಒಂದೇ ದರ್ಜೆಯ ಡಾಕ್ಟರು ಇರಲಿ, ಎಲ್‌ಎಂಪಿ ನಿಲ್ಲಲಿ ಎಂದು ಸಮಿತಿ ಹೇಳಿತು. ಆರು ಸದಸ್ಯರು ಒಪ್ಪದೆ ಭಿನ್ನಾಭಿಪ್ರಾಯ ಬರೆದರು. ಸ್ಕೂಲುಗಳು ಮುಚ್ಚಿದವು, ಇಲ್ಲವೇ ಕಾಲೇಜಾದವು. ಹಳ್ಳಿಗೆ ಕಳಪೆ ಡಾಕ್ಟರು ಸಾಕೆಂಬ ಧೋರಣೆ ತಪ್ಪು, ಅದರಲ್ಲಿ ಅನುಮಾನವಿಲ್ಲ. ಆದರೆ ಹಳ್ಳಿಗೆ ಹೋಗುತ್ತಿದ್ದ ಒಂದೇ ಪಂಗಡವನ್ನು ಅದರ ಜಾಗಕ್ಕೆ ಬರುವವರು ತಯಾರಾಗುವ ಮುಂಚೆಯೇ ನಿಲ್ಲಿಸಿದ್ದು ಅವಸರದ ಕೆಲಸ ಎಂದೇ ನನ್ನ ಅಭಿಪ್ರಾಯ. ಆ ಖಾಲಿ ಜಾಗಕ್ಕೆ ನುಗ್ಗಿದವರು ಯಾರು ಗೊತ್ತೇ? ಡಾಕ್ಟರರ ಹತ್ತಿರ ಹತ್ತು ವರ್ಷ ಇದ್ದು ಸೂಜಿ ಚುಚ್ಚಲು ಕಲಿತ ಕಾಂಪೌಂಡರುಗಳು.

ಕಾಂಪೌಂಡರನನ್ನು ಹಗುರ ಮಾಡಲು ಹೇಳಿದ್ದಲ್ಲ. ತಾಲ್ಲೂಕು ಅಥವಾ ಹೋಬಳಿಯ ಲೋಕಲ್ ಫಂಡ್ ಆಸ್ಪತ್ರೆ ನಡೆಯುತ್ತಿದ್ದದ್ದೇ ಅವನಿಂದ. ಡಾಕ್ಟರು ಚೀಟಿ ಬರೆಯುತ್ತಿದ್ದರು, ಇವನು ಒಳಗೆ ಮಿಕ್ಸ್ಚರ್ ಕಲಸುತ್ತಿದ್ದ. ಬಾಟಲಿ ರೋಗಿಯದೇ. ಆರು ಔನ್ಸಿನ ಬಾಟಲಿಯ ಪಕ್ಕಕ್ಕೆ ಕತ್ತರಿಯಿಂದ ಕಚ್ಚು ಹಾಕಿದ ಉದ್ದನೆಯ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿಗೆ ಒಂದು ಹೊತ್ತಿನ ಔಷಧಿ. ಗಡಿಯಾರವಾಗಲಿ ಅಳತೆಯ ಲೋಟವಾಗಲಿ ಓದು ಬರಹವಾಗಲಿ ಇಲ್ಲದ ಮನೆಗೆ ಇದಕ್ಕಿಂತ ಒಳ್ಳೆಯ ಉಪಾಯ ಇರಲಿಲ್ಲ. ಆದರೆ ದಿನಕ್ಕೆ ಮೂರು ಹೊತ್ತಿನಂತೆ ಆರು ಕಚ್ಚಿನ ಬಾಟಲಿ ಬರುವುದು ಎರಡೇ ದಿನಕ್ಕೆ. ಇಪ್ಪತ್ತು ಮೈಲಿ ಹೋಗಿ ತಂದ ಔಷಧಿ ಎರಡು ದಿನಕ್ಕೆ ಮುಗಿದರೆ ಯಾರು ಒಪ್ಪುತ್ತಾರೆ? ಅರ್ಧರ್ಧ ಕಚ್ಚು ಕೊಟ್ಟು ನಾಲ್ಕೈದು ದಿನ ಎಳೆಯುತ್ತಿದ್ದರು. ಬಾಟಲಿ ಅಲುಗಾಡಿಸದೆ ಕುಡಿಯುವುದು ಇನ್ನೊಂದು ಅಪಾಯ. ಭೇದಿಗೆ ಕೊಡುವ ಸೀಮೆಸುಣ್ಣ, ಬಿಸ್ಮತ್ ತಳಕ್ಕೆ ಇಳಿಯುತ್ತವೆ, ಮೊದಲ ಹೊತ್ತುಗಳು ಬರೀ ನೀರಾಗುತ್ತವೆ. ಇದು ಸಣ್ಣ ನಷ್ಟ. ಕಾಸರಕದ ಬೀಜದಿಂದ ತೆಗೆದ ಸ್ಟ್ರಿಕ್ನಿನ್ ಇರುವ ಟಾನಿಕ್ಕಿಗೆ ಬ್ರೋಮೈಡ್ ಸೇರಿಸಿದರೆ ಸ್ಟ್ರಿಕ್ನಿನ್ ನಿಧಾನವಾಗಿ ಹರಳಾಗಿ ತಳ ಸೇರುತ್ತದೆ, ಕೊನೆಯ ಹೊತ್ತಿನಲ್ಲಿ ಇಡೀ ಬಾಟಲಿಯ ವಿಷ ಒಟ್ಟಿಗೆ ಹೊಟ್ಟೆಗೆ ಹೋಗುತ್ತದೆ. ಕಾಂಪೌಂಡರರ ಪಾಠದಲ್ಲಿ ಇದು ತಪ್ಪದೆ ಹೇಳಿಕೊಡುವ ಎಚ್ಚರಿಕೆ.

ಈಗ ನಿಮ್ಮ ಮನೆಯ ಸಾವುಗಳು.

ಎರಡು ಕೂಸುಗಳದ್ದು ಹೆಚ್ಚುಕಡಿಮೆ ಖಚಿತವಾಗಿ ನವಜಾತ ಧನುರ್ವಾಯು. ಹುಟ್ಟಿದಾಗ ಗಟ್ಟಿಯಾಗಿದ್ದು, ಮೊದಲೆರಡು ದಿನ ಚೆನ್ನಾಗಿ ಹಾಲು ಕುಡಿದು, ಮೂರರಿಂದ ಹದಿನಾಲ್ಕನೇ ದಿನದೊಳಗೆ, ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ, ದವಡೆ ಕಚ್ಚಿಕೊಂಡು ಮೊಲೆ ಹಿಡಿಯಲಾರದೆ ಹೋಗುವುದು, ಮುಟ್ಟಿದರೆ, ಬೆಳಕು ಬಿದ್ದರೆ ಸೆಟೆಯುವುದು, ಬೆನ್ನು ಬಿಲ್ಲಾಗುವುದು: ಈ ಸರಣಿ ಬೇರೆ ಯಾವ ರೋಗಕ್ಕೂ ಇಷ್ಟು ಚೆನ್ನಾಗಿ ಹೊಂದುವುದಿಲ್ಲ. ಹುಟ್ಟಿದ ಕೂಡಲೇ ಅಳದ, ಮೊದಲ ದಿನದಿಂದಲೇ ಹಾಲು ಕುಡಿಯದ ಕೂಸಾದರೆ ಬೇರೆ ಕಾರಣ ಹುಡುಕಬೇಕು. ಊರವರು ಇದನ್ನು ಬಾಲಗ್ರಹ ಅಂದಿರಬಹುದು, ಗಾಳಿ ಸೋಕಿತು ಅಂದಿರಬಹುದು.

ರೋಗಾಣು ಬಂದದ್ದು ಮಣ್ಣು, ಸಗಣಿಯಿಂದ, ಹೊಕ್ಕುಳಬಳ್ಳಿಯ ಮೂಲಕ. ಬಳ್ಳಿ ಕತ್ತರಿಸಲು ಕುಡುಗೋಲು ಅಥವಾ ಬಿದಿರಿನ ಸೀಳು, ಕಟ್ಟಲು ಕೈಗೆ ಸಿಕ್ಕ ದಾರ, ಮೇಲೆ ಒಣಗಲೆಂದು ಬೂದಿಯೋ ಸಗಣಿಯೋ. ಒಂದೇ ಮನೆಯಲ್ಲಿ ಎರಡು ಕೂಸು ಹೀಗೆ ಹೋಗುವುದಕ್ಕೂ ಇದೇ ವಿವರಣೆ: ಅದೇ ಕೋಣೆ, ಅದೇ ಕತ್ತಿ, ಅದೇ ಪದ್ಧತಿ. ಶುರುವಾದ ಮೇಲೆ ಆಗಿನ ಯಾವ ಡಾಕ್ಟರೂ ಉಳಿಸುವ ಭರವಸೆ ಕೊಡಲಾಗುತ್ತಿರಲಿಲ್ಲ, ದೊಡ್ಡ ಆಸ್ಪತ್ರೆಯಲ್ಲೂ ಬಹುಪಾಲು ಕೂಸುಗಳು ಸಾಯುತ್ತಿದ್ದವು. ತಡೆಯಲು ಬೇಕಾದದ್ದು ಹೊಸ ಬ್ಲೇಡು, ಶುದ್ಧ ದಾರ, ಸೋಪಿನಲ್ಲಿ ತೊಳೆದ ಕೈ, ಹೊಕ್ಕುಳಿಗೆ ಏನನ್ನೂ ಹಚ್ಚದಿರುವುದು. ‘ಕತ್ತಿಯನ್ನು ಕುದಿಸಿದ್ದರೆ ಸಾಕಿತ್ತಲ್ಲ’ ಎಂದು ಕೆಲವರು ಕೇಳುತ್ತಾರೆ. ಧನುರ್ವಾಯುವಿನ ಬೀಜಾಣು ಸಾಮಾನ್ಯ ಕುದಿತಕ್ಕೆ ಪೂರ್ತಿ ಸಾಯುವುದಿಲ್ಲ. ಹೊಸ ಬ್ಲೇಡಿನ ಅನುಕೂಲವೆಂದರೆ ಅದಕ್ಕೆ ಮಣ್ಣು, ಸಗಣಿ ಸೋಕಿಯೇ ಇರುವುದಿಲ್ಲ. ಆಮೇಲೆ ಬಸುರಿಗೆ ನಾಲ್ಕು ವಾರದ ಅಂತರದಲ್ಲಿ ಧನುರ್ವಾಯು ತಡೆಯುವ ಎರಡು ಟಿಟಿ ಚುಚ್ಚುಮದ್ದು ಬಂತು, ತಾಯಿಯ ರಕ್ಷಣೆ ಕೂಸಿಗೂ ಇಳಿಯುತ್ತದೆ. ಸೂಲಗಿತ್ತಿಯರಿಗೆ ತರಬೇತಿ, ಹೆರಿಗೆ ಕಿಟ್ಟು, ಟಿಟಿ ಇಷ್ಟರಿಂದಲೇ ಕಾಯಿಲೆ ಇಳಿಯುತ್ತಾ ಬಂದು 2015ರಲ್ಲಿ ಭಾರತದಲ್ಲಿ ತಾಯಿ–ಮಗುವಿನ ಧನುರ್ವಾಯು ನಿರ್ಮೂಲವಾಯಿತೆಂದು ಘೋಷಣೆಯಾಯಿತು.

ಇದರಿಂದ ಸೂಲಗಿತ್ತಿಯನ್ನು ಕೊಲೆಗಾತಿ ಮಾಡಬೇಡಿ. ನೂರು ಹೆರಿಗೆಯಲ್ಲಿ ಸುಮಾರು ಎಂಬತ್ತೈದು ತೊಡಕಿಲ್ಲದೆ ಆಗುತ್ತವೆ, ಅವನ್ನು ಆಕೆ ಚೆನ್ನಾಗಿಯೇ ಮಾಡಿಸುತ್ತಿದ್ದಳು. ಪಾವಗಡದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಹೆಸರಾದವರು, 2018ರಲ್ಲಿ ಪದ್ಮಶ್ರೀ ಬಂತು. ಕೈಚಳಕದಲ್ಲಿ ಕೊರತೆಯಿರಲಿಲ್ಲ. ಉಳಿದ ಹದಿನೈದರಲ್ಲಿ ಏನು ಮಾಡಬೇಕು, ಎಲ್ಲಿಗೆ ಕಳಿಸಬೇಕು ಎಂಬುದಕ್ಕೆ ಆಕೆಯ ಬೆನ್ನಿಗೆ ಯಾರೂ ಇರಲಿಲ್ಲ.

ಅಜ್ಜಿಯ ತಂಗಿಯದ್ದು ಆ ಹದಿನೈದರ ಪಾಲು. ಚೊಚ್ಚಲು, ಬಹುಶಃ ಎಳೇ ವಯಸ್ಸು, ಗಾಡಿ ಕಟ್ಟುವಷ್ಟು ಹೊತ್ತು ಎಳೆದ ನೋವು: ಇಷ್ಟು ನೋಡಿದರೆ ಕೂಸಿನ ತಲೆ ಇಳಿಯದೆ ತಡೆದ ಹೆರಿಗೆ ಎಂದು ಕಾಣುತ್ತದೆ. ತೊಡಕು ಶುರುವಾದಲ್ಲಿಂದ ಸಾವಿನವರೆಗೆ ಸಿಗುವ ಸರಾಸರಿ ಸಮಯದ ಬಗ್ಗೆ ತಜ್ಞರು ಒಪ್ಪಿಕೊಂಡ ಒಂದು ಅಂದಾಜಿದೆ. ಹೆತ್ತ ಮೇಲಿನ ರಕ್ತಸ್ರಾವಕ್ಕೆ 2 ಗಂಟೆ, ಹೆರುವ ಮೊದಲಿನ ರಕ್ತಸ್ರಾವಕ್ಕೆ 12 ಗಂಟೆ, ಗರ್ಭಕೋಶ ಹರಿದರೆ 1 ದಿನ, ಬಸುರಿಗೆ ಫಿಟ್ಸ್ ಬಂದರೆ 2 ದಿನ, ತಡೆದ ಹೆರಿಗೆಗೆ 3 ದಿನ, ನಂಜಿಗೆ 6 ದಿನ. ಎತ್ತಿನ ಗಾಡಿ ಗಂಟೆಗೆ ಎರಡು ಮೈಲಿ ಹೋದರೆ ಇಪ್ಪತ್ತು ಮೈಲಿಗೆ ಹತ್ತು ಗಂಟೆ, ಅದೂ ಒಣ ದಿನಗಳಲ್ಲಿ. ಆಷಾಢದ ಮಳೆಯಲ್ಲಿ ಹೊಳೆ ತುಂಬಿದರೆ ದೋಣಿಯವನು ಕಡವು ದಾಟಿಸುವುದೇ ಇಲ್ಲ. ಅಂದರೆ ರಕ್ತಸ್ರಾವಕ್ಕೆ ಗಾಡಿ ಕಟ್ಟುವುದೇ ವ್ಯರ್ಥ. ತಡೆದ ಹೆರಿಗೆಗೆ ಮಾತ್ರ ಲೆಕ್ಕದ ಪ್ರಕಾರ ಸಮಯ ಇತ್ತು. ಆ ಸಮಯ ಸೋರಿಹೋಗುತ್ತಿದ್ದದ್ದು ಮನೆಯಲ್ಲೇ. ‘ಚೊಚ್ಚಲು ಅಲ್ವೇ, ತಡ ಆಗೋದೇ’ ಎಂದು ಒಂದು ದಿನ, ಗಂಡಸರು ಕೂಡಿ ತೀರ್ಮಾನಿಸಲು, ಹರಕೆ ಕಟ್ಟಲು ಇನ್ನೊಂದು ದಿನ. ಗಾಡಿ ಹೊರಡುವಾಗ ಮೂರನೆಯ ದಿನ.

ತಲುಪಿದ್ದರೂ ಏನಾಗುತ್ತಿತ್ತು? ಸಿಸೇರಿಯನ್‌ಗೆ ಕ್ಲೋರೋಫಾರಂ ಕೊಡಬಲ್ಲ ಇನ್ನೊಬ್ಬರು, ಕುದಿಸಿ ತಯಾರಾದ ಉಪಕರಣ, ರಾತ್ರಿಗೆ ಬೆಳಕು, ರಕ್ತ, ಆಮೇಲೆ ನಂಜು ತಡೆಯುವ ಮದ್ದು ಎಲ್ಲ ಬೇಕು. ಸಲ್ಫಾ ಮಾತ್ರೆಗಳು 1930ರ ದಶಕದ ನಡುವಿನ ನಂತರದವು, ಪೆನ್ಸಿಲಿನ್ ಎರಡನೇ ಮಹಾಯುದ್ಧದ ನಂತರವೇ ಸಾಮಾನ್ಯರಿಗೆ ಸಿಕ್ಕಿದ್ದು. ಒಬ್ಬ ಎಲ್‌ಎಂಪಿ, ಒಬ್ಬ ಕಾಂಪೌಂಡರು ಇರುವ ಆಸ್ಪತ್ರೆಯಲ್ಲಿ ಸಾಧ್ಯವಿದ್ದದ್ದು ಫೋರ್ಸೆಪ್ಸ್ ಹಾಕುವುದು, ಕೂಸು ಒಳಗೇ ಸತ್ತಿದ್ದರೆ ತಲೆಬುರುಡೆ ಒಡೆದು ತೆಗೆದು ತಾಯಿಯನ್ನು ಉಳಿಸಲು ನೋಡುವುದು. ಓದಲು ಕಷ್ಟವಾದರೂ ಎಷ್ಟೋ ತಾಯಂದಿರು ಉಳಿದದ್ದು ಅದರಿಂದ.

ಹುಡುಗನ ಜ್ವರಗಡ್ಡೆ ಎಂದರೆ ಮತ್ತೆ ಮತ್ತೆ ಬಂದ ಮಲೇರಿಯಾದಿಂದ ಊದಿದ ಗುಲ್ಮ (ಸ್ಪ್ಲೀನ್). ಆಗಿನ ಮಲೇರಿಯಾ ಸರ್ವೆಯವರು ಹಳ್ಳಿಗೆ ಬಂದರೆ ಸತ್ತವರ ಲೆಕ್ಕ ಕೇಳುತ್ತಿರಲಿಲ್ಲ. ಎರಡರಿಂದ ಹತ್ತು ವರ್ಷದ ಮಕ್ಕಳನ್ನು ಸಾಲಾಗಿ ಕರೆದು, ಎಡ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು, ಉಸಿರೆಳೆದುಕೋ ಎಂದು, ಗಡ್ಡೆ ಕೈಗೆ ತಗಲುತ್ತದೆಯೇ ನೋಡುತ್ತಿದ್ದರು. ನೂರಕ್ಕೆ ಐವತ್ತಕ್ಕಿಂತ ಹೆಚ್ಚು ಮಕ್ಕಳಲ್ಲಿ ಸದಾ ಸಿಕ್ಕಿದರೆ ಅದು ತೀವ್ರ ಮಲೇರಿಯಾದ ಊರು. ಮೈಸೂರು ಸರ್ಕಾರ 1920ರ ದಶಕದ ಕೊನೆಯಿಂದ ರಾಕ್‌ಫೆಲರ್ ಫೌಂಡೇಶನ್ ನೆರವಿನಲ್ಲಿ ಮೂಡಿಗೆರೆ, ಹಿರಿಯೂರು, ನಗೇನಹಳ್ಳಿಗಳಲ್ಲಿ ಇಂಥ ಅಧ್ಯಯನ ಕೇಂದ್ರ ನಡೆಸಿತ್ತು. ಘಟ್ಟದ ತಪ್ಪಲಿನ ಮುಖ್ಯ ಅಪರಾಧಿ ಅನಾಫಿಲಿಸ್ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆ, ನಿಧಾನ ಹರಿಯುವ ತಿಳಿನೀರಿನ ಅಂಚಿನಲ್ಲಿ ಹುಟ್ಟುವಂಥದ್ದು. ಹಳ್ಳ, ತೋಟದ ಕಾಲುವೆ, ಗದ್ದೆಯ ಬಸಿಗಾಲುವೆ ಎಲ್ಲ ಅದರ ಮನೆ. ಕೊಳೆ ನೀರು ಚೆಲ್ಲಿದರೆ ಸೊಳ್ಳೆ ಹೋಗುತ್ತದೆ ಎಂಬ ಪಟ್ಟಣದ ಉಪದೇಶ ಇಲ್ಲಿ ನಡೆಯದು.

ಔಷಧಿ ಇತ್ತು, ಕ್ವಿನೈನ್. ದೊಡ್ಡವರಿಗೆ ಹತ್ತು ಗ್ರೈನ್, ಅಂದರೆ ಸುಮಾರು 0.65 ಗ್ರಾಂ, ದಿನಕ್ಕೆ ಮೂರು ಸಲ, ಐದರಿಂದ ಏಳು ದಿನ. ಒಟ್ಟು 150ರಿಂದ 210 ಗ್ರೈನ್. ಮೇಲೆ ಹೇಳಿದ ಆರು ಕಚ್ಚಿನ ಬಾಟಲಿಯಲ್ಲಿ ಇರುತ್ತಿದ್ದದ್ದು 60. ಎರಡನೇ ದಿನಕ್ಕೆ ಜ್ವರ ಬಿಡುತ್ತದೆ, ಬಾಯಿ ಕಹಿ, ಕಿವಿ ಗುಂಯ್‌ಗುಡುತ್ತದೆ, ಅಲ್ಲಿಗೆ ಬಾಟಲಿ ಮೂಲೆಗೆ. ಒಂದೆರಡು ವಾರಕ್ಕೆ ಚಳಿಜ್ವರ ಮತ್ತೆ ಹಾಜರು. ಬ್ರಿಟಿಷ್ ಇಂಡಿಯಾದಲ್ಲಿ ಅಂಚೆ ಕಚೇರಿಯಲ್ಲಿ ಪುಡಿಕಟ್ಟಿನಲ್ಲಿ ಮಾರುವ ಪದ್ಧತಿಯೂ ಇತ್ತು, ಆದರೆ ಅಂಚೆ ಕಚೇರಿ ಇರುವಲ್ಲಿಗೆ ಮೊದಲು ಹೋಗಬೇಕಲ್ಲ. 1942ರಲ್ಲಿ ಜಾವಾ ಜಪಾನೀಯರ ಕೈಸೇರಿದಾಗ ಪ್ರಪಂಚದ ಕ್ವಿನೈನಿನ ಬಹುಪಾಲು ನಿಂತುಹೋಯಿತು. ಹುಡುಗ ಹೋದದ್ದು ಆ ವರ್ಷಗಳಲ್ಲಾದರೆ ತಾಲ್ಲೂಕು ಆಸ್ಪತ್ರೆಯಲ್ಲೂ ಔಷಧಿಗೆ ಬರ ಇದ್ದಿರಬಹುದು.

ಮಲೆನಾಡಿನ ಮಲೇರಿಯಾವನ್ನು ಮುರಿದದ್ದು ಚಿಕಿತ್ಸೆಯಲ್ಲ, ಗೋಡೆಗೆ ಹೊಡೆದ ಡಿಡಿಟಿ. ಆಗಿನ ಮುಂಬಯಿ ಪ್ರಾಂತದ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಡಾ. ಡಿ.ಕೆ. ವಿಶ್ವನಾಥನ್ 1945–46ರಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದರು. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವಾಯಿತು: ಮನೆಯೊಳಗಿನ ಗೋಡೆಯ ಪ್ರತಿ ಚದರ ಮೀಟರಿಗೆ ಒಂದು ಗ್ರಾಂ, ವರ್ಷಕ್ಕೆ ಎರಡು ಸುತ್ತು. ಪಂಪು ಹಿಡಿದು ಬಂದವರು ದಿನಗೂಲಿಯವರು, ಡಾಕ್ಟರರಲ್ಲ.

ಸಿಡುಬಿನ ದಾಕು ಹಾಕುವವರ ಕಥೆಯೂ ಇಂಥದ್ದೇ, ಅವರಿಗೆ ಅಡ್ಡ ಬಂದದ್ದು ಬಿಸಿಲು. ಬೆಳಗಾವಿಯ ವ್ಯಾಕ್ಸಿನ್ ಸಂಸ್ಥೆಯಂಥ ಕಡೆ ಕರುವಿನ ಚರ್ಮದಿಂದ ತೆಗೆದ, ಲಿಂಫ್ ಎನ್ನುವ ದ್ರವರೂಪದ ಲಸಿಕೆ ಮಂಜುಗಡ್ಡೆ ಇಲ್ಲದಿದ್ದರೆ ಕೆಲವೇ ದಿನದಲ್ಲಿ ಸತ್ವ ಕಳೆದುಕೊಳ್ಳುತ್ತಿತ್ತು. ಕೊನೆಯ ಹಳ್ಳಿ ಮುಟ್ಟುವಾಗ ತೋಳಿಗೆ ಗಾಯ ಮಾಡಿದ್ದಷ್ಟೇ ಲಾಭ. ಒಣಗಿಸಿದ ಲಸಿಕೆ ಮತ್ತು ಕವಲು ಸೂಜಿ ಬಂದದ್ದು 1960ರ ದಶಕದಲ್ಲಿ.

ಸ್ವಾತಂತ್ರ್ಯ ಬಂದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು 1952ರ ಅಕ್ಟೋಬರ್ 2ರಿಂದ ಶುರುವಾದವು. ಭೋರ್ ಸಮಿತಿ 40,000 ಜನಕ್ಕೆ ಒಂದು ಕೇಂದ್ರ, ಎರಡು ಡಾಕ್ಟರರು ಎಂದಿತ್ತು. ಸಿಕ್ಕಿದ್ದು ಬ್ಲಾಕಿಗೊಂದು (ಬ್ಲಾಕ್ ಎಂದರೆ ಹಲವು ಹಳ್ಳಿ ಸೇರಿದ ಅಭಿವೃದ್ಧಿ ಘಟಕ). 30,000ಕ್ಕೆ ಒಂದು, ಗುಡ್ಡಗಾಡಿನಲ್ಲಿ 20,000ಕ್ಕೆ ಒಂದು ಎಂಬ ಈಗಿನ ಅಳತೆ ಬರಲು ಮುಂದೆ ಹಲವು ದಶಕ ಹಿಡಿಯಿತು. ನಿಮ್ಮ ಅಜ್ಜಿಯ ಕೊನೆಯ ಹೆರಿಗೆ 1950ರೊಳಗೇ ಆಗಿತ್ತು.

ಸಾವಿನ ದಾಖಲೆ ಹುಡುಕುವ ಮನಸ್ಸಿದ್ದರೆ: ಆಗ ಜನನ–ಮರಣ ಬರೆಯುತ್ತಿದ್ದವರು ಊರ ಪಟೇಲರು. ಹಳೆಯ ಪುಸ್ತಕಗಳು ಉಳಿದಿದ್ದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುತ್ತವೆ. ಊರಿನ ಹೆಸರು, ತಂದೆಯ ಹೆಸರು, ಅಂದಾಜು ವರ್ಷ ಬರೆದು ತಹಶೀಲ್ದಾರರಿಗೆ ಅರ್ಜಿ ಕೊಡಿ, ಸಿಗದಿದ್ದರೆ ಹಾಗೆಂದು ಹಿಂಬರಹ ಕೊಡುತ್ತಾರೆ. ಹತ್ತು ದಿನದ ಕೂಸಿಗೆ ಹೆಸರಿಟ್ಟಿರುವುದಿಲ್ಲ, ಹಾಗಾಗಿ ‘ಗಂಡು’, ‘ಹೆಣ್ಣು’ ಎಂದಷ್ಟೇ ಇರಬಹುದು, ತಂದೆಯ ಹೆಸರಿನಿಂದ ಹುಡುಕಿ. ಕೂಸು ಹುಟ್ಟಿದ್ದೇ ದಾಖಲಾಗದೆ ಹೋಗಿರುವುದೂ ಸಾಮಾನ್ಯ. ಕಾರಣದ ಕಾಲಮಿನಲ್ಲಿ ಕಾಲರಾ, ಸಿಡುಬು, ಪ್ಲೇಗು, ಜ್ವರ, ಭೇದಿ, ಗಾಯ, ಇತರೆ ಎಂಬಂಥ ಕೆಲವೇ ತಲೆಬರಹ ಇರುತ್ತಿದ್ದವು. ನಿಮ್ಮ ಹುಡುಗ ‘ಜ್ವರ’ದಲ್ಲಿ ಸಿಗುತ್ತಾನೆ. ಕೂಸುಗಳೂ ಅಜ್ಜಿಯ ತಂಗಿಯೂ ‘ಇತರೆ’ಯಲ್ಲಿ ಇರಬಹುದು, ಅಥವಾ ಅವರೂ ‘ಜ್ವರ’ದಲ್ಲೇ ಇರಬಹುದು. ಪಟೇಲರು ಬರೆದ ಕಾರಣಕ್ಕಿಂತ ನಿಮ್ಮ ಮನೆಯವರು ನೆನಪಿಟ್ಟುಕೊಂಡ ಎಂಟನೇ ದಿನ, ಸೆಟೆದ ಮೈ, ಗಡ್ಡೆ ಇವನ್ನೇ ನಂಬಿ.